ಕರಾರಿನ ಪಾಲನೆ ಮತ್ತು ಮನಸ್ಸಿನ ಕಾಯಿಲೆ

ಒಪ್ಪಿಕೊಂಡ ಕೆಲಸವನ್ನು ನಡುವೆ ಬಿಡಬಹುದೇ? ಈ ಪ್ರಶ್ನೆಗೆ ನಮ್ಮಲ್ಲಿ ಯಾರನ್ನು ಕೇಳಿದರೂ ಕೂಡಲೇ ಸಿಗುವ ಉತ್ತರ ‘ಕೂಡದು’ ಎಂಬುದು. ಅದಕ್ಕೆ ಆಧಾರವೂ ಇದೆ. ಸೂರಃ ಅಲ್ ಮಾಇದಃದ ಮೊದಲ ಸೂಕ್ತವೇ ಸತ್ಯವಿಶ್ವಾಸಿಗಳಿಗೆ ಕರಾರುಗಳನ್ನು ನೆರವೇರಿಸಲು ಆಜ್ಞಾಪಿಸುತ್ತದೆ. ಸೂರಃ ಬನೀ ಇಸ್ರಾಈಲ್‌ನ 34ನೆಯ ಸೂಕ್ತವು ಕೊಟ್ಟ ಮಾತಿನ ಬಗ್ಗೆ ವಿಚಾರಣೆಯಿದೆ ಎಂದು ಎಚ್ಚರಿಸುತ್ತದೆ. ಸರಿ, ಆದರೆ ಕೆಲಸ ಒಪ್ಪಿಕೊಂಡವನ ಮನಸ್ಸೇ ಕಾಯಿಲೆ ಬಿದ್ದರೆ ಏನು ಮಾಡಬೇಕು? ಈ ತಿಂಗಳ ಪಾಠ ಅದರ ಕುರಿತು.

ನಮ್ಮ ಕಡೆ ತಿಂಗಳ ಸಂಬಳವಿಲ್ಲದೆ, ಒಂದೊಂದು ಕೆಲಸವನ್ನು ಮಾತಾಡಿಕೊಂಡು ಮಾಡಿಕೊಡುವವರು ಬಹಳ. ಅರಸೀಕೆರೆಯಲ್ಲಿ ಲೆಕ್ಕದ ಮೇಲೆ ತೆಂಗಿನಕಾಯಿ ಸುಲಿಯುವವರಿದ್ದಾರೆ. ಬೇಲೂರಿನ ಕಡೆ ಕಾಫಿ ತೋಟಗಳಲ್ಲಿ ಮೆಣಸು ಕೊಯ್ಲಿನ ಗುತ್ತಿಗೆ ಹಿಡಿಯುವವರಿದ್ದಾರೆ. ಹಳೇಬೀಡಿನಲ್ಲಿ ಮನೆಗಳಿಗೆ ಬಣ್ಣ ಹೊಡೆಯುವವರಿದ್ದಾರೆ. ಈಗಂತೂ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕುಳಿತು ಬೆಂಗಳೂರಿನ ಕಂಪೆನಿಗೆ ಕೆಲಸ ಮಾಡಿಕೊಡುವ ಯುವಕ ಯುವತಿಯರೂ ಇದ್ದಾರೆ. ಇವರಿಗೆ ಕಾಯಿಲೆಯ ರಜೆ ಎಂಬುದಿಲ್ಲ. ಕೈ ನಿಂತರೆ ಕೂಲಿಯೂ ನಿಂತಿತು.

ಒಬ್ಬ ಟೈಲರನ್ನು ಊಹಿಸಿಕೊಳ್ಳೋಣ. ಜೂನ್‌ನಲ್ಲಿ ಶಾಲೆ ತೆರೆಯುವ ಮುಂಚೆ 300 ಜೊತೆ ಸಮವಸ್ತ್ರ ಹೊಲಿದು ಕೊಡಲು ಒಪ್ಪಿದ್ದಾನೆ. 15,000 ರೂಪಾಯಿ ಮುಂಗಡ ಪಡೆದಿದ್ದಾನೆ. 110 ಜೊತೆ ಮುಗಿದಿವೆ. ಆಮೇಲೆ ರಾತ್ರಿ ನಿದ್ರೆ ಹೋಯಿತು. ಊಟ ಸೇರುವುದಿಲ್ಲ. ಮೆಷಿನ್ ಮುಂದೆ ಕುಳಿತರೆ ಎದೆ ಹೊಡೆದುಕೊಳ್ಳುತ್ತದೆ, ಕೈ ಏಳುವುದಿಲ್ಲ. ಗುತ್ತಿಗೆದಾರರ ಫೋನ್ ಬಂದರೆ ಎತ್ತುವ ಧೈರ್ಯವಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು ಒಳಗೆ ಕೂರುತ್ತಾನೆ. ಮನೆಯಲ್ಲಿ ಅಬ್ಬಾ ‘ಸೋಮಾರಿ’ ಎನ್ನುತ್ತಾರೆ. ನೆರೆಯವರು ‘ನಮಾಝ್ ಸರಿಯಾಗಿ ಮಾಡಿದರೆ ಎಲ್ಲ ಸರಿಹೋಗುತ್ತದೆ’ ಎನ್ನುತ್ತಾರೆ. ಅವನು ಫಜ್ರ್‌ಗೂ ಹೋಗಿ ಬಂದಿರುತ್ತಾನೆ!

ಸೋಮಾರಿತನ ಬೇರೆ, ದುಃಖ ಬೇರೆ. ಪ್ರವಾದಿವರ್ಯರು(ಸ) ಅಲ್ಲಾಹನಲ್ಲಿ ಅಭಯ ಯಾಚಿಸುತ್ತಿದ್ದ ಒಂದು ಪ್ರಾರ್ಥನೆಯನ್ನು ಅನಸ್(ರ) ವರದಿ ಮಾಡಿದ್ದು, ಅದು ಬುಖಾರಿಯಲ್ಲಿದೆ. ನಮ್ಮ ಮಕ್ಕಳು ಮದ್ರಸದಲ್ಲಿ ಅದನ್ನು ಬಾಯಿಪಾಠ ಮಾಡುತ್ತಾರೆ. ಅದರಲ್ಲಿ ಹಮ್ಮ್ ಎಂದರೆ ಕಳವಳ, ಹಝನ್ ಎಂದರೆ ದುಃಖ, ಅಜ್‌ಝ್ ಎಂದರೆ ಅಸಹಾಯಕತೆ, ಕಸಲ್ ಎಂದರೆ ಸೋಮಾರಿತನ. ನಾಲ್ಕಕ್ಕೆ ನಾಲ್ಕು ಬೇರೆ ಬೇರೆ ಪದಗಳು. ನಾಲ್ಕೂ ಒಂದೇ ಆಗಿದ್ದರೆ ನಾಲ್ಕು ಹೆಸರುಗಳೇಕೆ? ಕಳವಳದಿಂದ ಕೈ ಸೋತವನನ್ನು ಸೋಮಾರಿಯೆಂದು ಕರೆಯುವವರು ಈ ದುಆವನ್ನು ಅರ್ಥ ಸಹಿತ ಇನ್ನೊಮ್ಮೆ ಓದಬೇಕು.

ಇನ್ನು ಈಮಾನ್ ಕಡಿಮೆಯಾದವರಿಗೆ ಮಾತ್ರ ಹೀಗಾಗುತ್ತದೆ ಎಂಬ ಮಾತು. ಇದಕ್ಕೆ ಇಮಾಮ್ ಗಝ್ಝಾಲಿ(ರ) ಅವರ ಜೀವನವೇ ಉತ್ತರ. 1091ರಲ್ಲಿ ಅವರು ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ಅಧ್ಯಾಪಕರಾಗಿ ನೇಮಕಗೊಂಡರು. ಆ ಕಾಲದಲ್ಲಿ ಒಬ್ಬ ಆಲಿಮ್‌ಗೆ ಸಿಗಬಹುದಾದ ಅತ್ಯುನ್ನತ ಸ್ಥಾನಗಳಲ್ಲಿ ಅದೂ ಒಂದು. ಹಿಜ್ರಿ 488ರ ರಜಬ್‌ನಲ್ಲಿ, ಅಂದರೆ 1095ರ ಜುಲೈ ಹೊತ್ತಿಗೆ, ಸುಮಾರು 37ರ ಪ್ರಾಯದಲ್ಲಿ, ಅವರ ನಾಲಗೆ ಕಟ್ಟಿಹೋಯಿತು. ಶಿಷ್ಯರ ಮನಸ್ಸು ನೋಯದಿರಲೆಂದು ಒಂದು ದಿನವಾದರೂ ಪಾಠ ಮಾಡಲು ಯತ್ನಿಸಿದರೂ ಒಂದು ಪದ ಹೊರಡಲಿಲ್ಲ. ಅನ್ನ ನೀರು ಗಂಟಲಲ್ಲಿ ಇಳಿಯಲಿಲ್ಲ. ಕಾಯಿಲೆ ಹೃದಯದಲ್ಲಿ ಹುಟ್ಟಿ ದೇಹಕ್ಕೆ ಹರಡಿದೆ, ಒಳಗಿನ ಚಿಂತೆ ಇಳಿಯದೆ ಮದ್ದು ನಾಟದು ಎಂದು ವೈದ್ಯರು ಕೈಚೆಲ್ಲಿದರು. ಇದನ್ನೆಲ್ಲ ಅವರೇ ‘ಅಲ್ ಮುನ್‌ಕಿಝ್’ ಗ್ರಂಥದಲ್ಲಿ ಬರೆದಿದ್ದಾರೆ. ಅವರು ಇದನ್ನು ಇಹಪರಗಳ ನಡುವಿನ ಎಳೆದಾಟವಾಗಿ ಕಂಡರು. ಅದಕ್ಕೆ ಇಂದಿನ ಯಾವುದೋ ರೋಗದ ಹೆಸರಿಡುವುದು ಸರಿಯಲ್ಲ. ಆದರೆ ಮನಸ್ಸಿನ ಭಾರದಿಂದ ಒಪ್ಪಿಕೊಂಡ ಕೆಲಸ ನಿಂತುಹೋಯಿತು ಎಂಬುದರಲ್ಲಿ ಸಂಶಯವಿಲ್ಲ. ‘ಇಹ್ಯಾ ಉಲೂಮುದ್ದೀನ್’ ಬರೆದವರ ಈಮಾನನ್ನು ತೂಗುವ ತಕ್ಕಡಿ ನಮ್ಮಲ್ಲಿ ಯಾರ ಬಳಿ ಇದೆ?

ಅವರು ಕೆಲಸವನ್ನು ಹೇಗೆ ಬಿಟ್ಟರು ಎಂಬುದನ್ನು ಗಮನಿಸಿ. ತರಗತಿಯನ್ನು ಅನಾಥವಾಗಿ ಬಿಡಲಿಲ್ಲ, ತಮ್ಮ ಅಹ್ಮದ್‌ರು ಅವರ ಬದಲಿಗೆ ಪಾಠ ನಡೆಸಿದರು. ತಮಗೂ ಮಕ್ಕಳಿಗೂ ಬೇಕಾದಷ್ಟನ್ನು ಉಳಿಸಿ ಮಿಕ್ಕ ಸಂಪತ್ತನ್ನು ಹಂಚಿದರು. ಆದರೆ ಊರಿಗೆಲ್ಲ ಒಳಗಿನ ಕಥೆ ಹೇಳಲಿಲ್ಲ. ಮಕ್ಕಾ ಯಾತ್ರೆಗೆ ಹೊರಟಿದ್ದೇನೆ ಎಂದು ಪ್ರಕಟಿಸಿ, ಮನಸ್ಸಿನಲ್ಲಿ ಶಾಮ್ ದೇಶದ ದಾರಿ ಇಟ್ಟುಕೊಂಡಿದ್ದರೆಂದು ಅವರೇ ಬರೆಯುತ್ತಾರೆ. ಜನರು ತಲೆಗೊಂದು ಮಾತಾಡಿದರು. (ಬಗ್ದಾದಾದರೇನು, ಬೇಲೂರಾದರೇನು!) ಸುಳ್ಳು ನೆಪ ಹೇಳಿ ಎಂದು ನಾನು ಕಲಿಸುತ್ತಿಲ್ಲ. ಆದರೆ ಕಾಯಿಲೆಯ ಹೆಸರನ್ನು ಎಲ್ಲರ ಮುಂದೆ ಬಿಚ್ಚಬೇಕೆಂಬ ನಿಯಮವೂ ಇಲ್ಲ. ‘ಆರೋಗ್ಯ ಸರಿಯಿಲ್ಲ, ಈ ಕೆಲಸ ಮುಂದುವರಿಸಲು ನನ್ನಿಂದಾಗದು’ ಎಂದರೆ ಅದು ಪೂರ್ಣ ಸತ್ಯವೇ.

ಈಗ ಕರ್ಮಶಾಸ್ತ್ರಕ್ಕೆ ಬರೋಣ. ಕೂಲಿಯ ಕರಾರಿಗೆ ಇಜಾರಃ ಎನ್ನುತ್ತಾರೆ. ಹನಫೀ ವಿದ್ವಾಂಸರು ನಿಜವಾದ ‘ಉಝ್ರ್’ ಎದುರಾದಾಗ ಅದನ್ನು ರದ್ದುಪಡಿಸಲು ಅವಕಾಶ ಕೊಟ್ಟಿದ್ದಾರೆ. 1197ರಲ್ಲಿ ನಿಧನರಾದ ಇಮಾಮ್ ಮರ್ಗೀನಾನಿ(ರ) ಅವರ ‘ಅಲ್ ಹಿದಾಯಃ’ದಲ್ಲಿ ಒಂದು ಉದಾಹರಣೆಯಿದೆ. ಹಲ್ಲುನೋವಿನಿಂದ ನರಳುವವನು ಹಲ್ಲು ಕೀಳಲು ಒಬ್ಬನನ್ನು ಗೊತ್ತುಮಾಡುತ್ತಾನೆ, ಅಷ್ಟರಲ್ಲಿ ನೋವು ನಿಲ್ಲುತ್ತದೆ. ಕರಾರಾಗಿದೆಯೆಂದು ಗಟ್ಟಿ ಹಲ್ಲನ್ನು ಕೀಳಿಸಿಕೊಳ್ಳಬೇಕೇ? ಬೇಡ. ಕರಾರಿನಲ್ಲಿ ಒಪ್ಪಿಕೊಳ್ಳದ ಹೊಸ ಹಾನಿಯನ್ನು ಸಹಿಸಿಯೇ ಅದನ್ನು ಪೂರೈಸಬೇಕಾಗಿ ಬಂದರೆ ಅಲ್ಲಿ ಉಝ್ರ್ ಇದೆ.

ಅದೇ ಗ್ರಂಥದಲ್ಲಿ ನಮಗೆ ಇನ್ನೂ ಹತ್ತಿರದ ಪ್ರಶ್ನೆಯೊಂದಿದೆ. ಸವಾರಿಯ ಪ್ರಾಣಿಗಳನ್ನು ಬಾಡಿಗೆಗೆ ಕೊಟ್ಟವನು ಕಾಯಿಲೆ ಬಿದ್ದು ಪ್ರಯಾಣ ಹೊರಡದಿದ್ದರೆ? ಒಂದು ವರದಿಯಂತೆ ಅದು ಉಝ್ರ್ ಅಲ್ಲ, ಏಕೆಂದರೆ ಆಳಿನ ಕೈಯಲ್ಲಿ ಪ್ರಾಣಿಗಳನ್ನು ಕಳುಹಿಸಬಹುದು. ಇಮಾಮ್ ಅಬೂ ಹನೀಫಾ(ರ) ಅವರಿಂದ ಕರ್ಖೀ(ರ) ಉದ್ಧರಿಸುವ ಇನ್ನೊಂದು ವರದಿಯಂತೆ ಅದು ಉಝ್ರ್ ಹೌದು, ಏಕೆಂದರೆ ಆತನಿಗೆ ಹಾನಿ ತಪ್ಪಿದ್ದಲ್ಲ. ಈ ಎರಡು ಅಭಿಪ್ರಾಯಗಳನ್ನು ಜೊತೆಗಿಟ್ಟು ನೋಡಿದರೆ ನಮ್ಮ ಟೈಲರ್ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಸಿಗುತ್ತದೆ: ಈ ಕೆಲಸವನ್ನು ಬೇರೆಯವರ ಕೈಯಿಂದ ಮಾಡಿಸಲು ಸಾಧ್ಯವೇ? ಗುತ್ತಿಗೆದಾರರು ಒಪ್ಪಿದರೆ, ಉಳಿದ 190 ಜೊತೆಗಳನ್ನು ಇನ್ನೊಬ್ಬ ಟೈಲರ್‌ಗೆ ವಹಿಸಬಹುದು. ಯಾರೂ ಸಿಗದಿದ್ದರೆ, ಅಥವಾ ಅವನದೇ ಕೈ ಬೇಕೆಂದು ಮಾತಾಗಿದ್ದರೆ, ಆಗ ಬಿಡುವ ಪ್ರಶ್ನೆ. ಶಾಫಿಈ ಮದ್ಹಬ್ ಉಝ್ರ್‌ನ ವಿಚಾರದಲ್ಲಿ ಇದಕ್ಕಿಂತ ಬಿಗಿಯಾಗಿದೆ. ಕರಾವಳಿಯ ಓದುಗರು ತಮ್ಮ ಉಸ್ತಾದರಲ್ಲಿ ವಿಚಾರಿಸಿಕೊಳ್ಳಲಿ.

ಬೇಸರ ಬಂತು, ಬೇರೆ ಕಡೆ ಹೆಚ್ಚು ಕೂಲಿ ಸಿಕ್ಕಿತು, ಮಾಲಕರ ಮಾತು ಹಿಡಿಸಲಿಲ್ಲ ಎಂಬುದೆಲ್ಲ ಕಾಯಿಲೆಯಲ್ಲ. ವ್ಯತ್ಯಾಸ ತಿಳಿಯಲು ವೈದ್ಯರಿದ್ದಾರೆ. ಹಾಸನದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ.

ದೇಶದ ಕಾನೂನೂ ಈ ವಿಷಯದಲ್ಲಿ ಬಹಳ ದೂರವಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 65ನೆಯ ಕಲಮಿನ ಕೆಳಗೆ ಒಬ್ಬ ಹಾಡುಗಾರನ ಉದಾಹರಣೆ ಕೊಟ್ಟಿದ್ದಾರೆ. ಸಾವಿರ ರೂಪಾಯಿ ಮುಂಗಡ ಪಡೆದವನು ಕಾಯಿಲೆಯಿಂದ ಹಾಡಲಾರದೆ ಹೋದರೆ, ಸಂಘಟಕರಿಗೆ ತಪ್ಪಿಹೋದ ಲಾಭವನ್ನು ತುಂಬಿಕೊಡಬೇಕಿಲ್ಲ, ಆದರೆ ಮುಂಗಡವನ್ನು ಹಿಂದಿರುಗಿಸಬೇಕು. ಕಾಯಿಲೆ ಕೆಲಸದ ಹೊಣೆಯನ್ನು ಇಳಿಸಬಹುದು, ಹಣದ ಹೊಣೆಯನ್ನಲ್ಲ.

ಆದ್ದರಿಂದ ನಮ್ಮ ಟೈಲರ್ ಮಾಡಬಾರದ ಒಂದೇ ಕೆಲಸವೆಂದರೆ ಫೋನ್ ಆರಿಸಿ ಕೂರುವುದು. ಜೂನ್ ಹತ್ತಿರವಾದಷ್ಟೂ ಗುತ್ತಿಗೆದಾರರಿಗೆ ಬೇರೆ ಟೈಲರ್ ಸಿಗುವುದು ಕಷ್ಟ, ಅಂಗಿಯಿಲ್ಲದೆ ಶಾಲೆಗೆ ಹೋಗುವ ಮಕ್ಕಳು ಯಾರದೋ ಮಕ್ಕಳೇ. ಆದರೆ ಆ ಸ್ಥಿತಿಯಲ್ಲಿರುವವನಿಗೆ ಒಂದು ಫೋನ್ ಮಾಡುವುದೂ ಬೆಟ್ಟ ಹತ್ತಿದಂತೆ. ಇಲ್ಲಿ ಮನೆಯವರ ಪಾತ್ರವಿದೆ. ಅಣ್ಣನೋ ಮಾಮೂನೋ ಅಥವಾ ಪತ್ನಿಯೋ ಅವನ ಪರವಾಗಿ ಮಾತಾಡಲಿ. ಮುಗಿದ 110 ಜೊತೆಗಳನ್ನೂ ಉಳಿದ ಬಟ್ಟೆಯನ್ನೂ ಎಣಿಸಿ ಒಪ್ಪಿಸಲಿ. ಆ ಬಟ್ಟೆ ಅವನ ಕೈಯಲ್ಲಿರುವ ಅಮಾನತ್ತು. ಮುಗಿದದ್ದಕ್ಕೆ ಕೂಲಿ ಲೆಕ್ಕ ಹಾಕಿ, ಮುಂಗಡದಲ್ಲಿ ಹೆಚ್ಚಿಗೆ ಬಂದಿರುವುದನ್ನು ಸಾಲವೆಂದು ಕಾಗದದಲ್ಲಿ ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಲಿ.

ಗುತ್ತಿಗೆದಾರರಿಗೂ ಒಂದು ಮಾತು. ಕೊಂಡ ಕೊಟ್ಟ ವ್ಯವಹಾರದಿಂದ ಹಿಂಜರಿಯಬಯಸುವ ಮುಸ್ಲಿಮನನ್ನು ಬಿಡುಗಡೆ ಮಾಡುವವನ ತಪ್ಪುಗಳನ್ನು ಅಲ್ಲಾಹನು ಮನ್ನಿಸುವನು ಎಂಬ ಆಶಯದ ಹದೀಸ್ ಅಬೂ ದಾವೂದ್‌ನಲ್ಲಿದೆ. ಅದು ವ್ಯಾಪಾರದ ಸಂದರ್ಭದ್ದು. ಅದರ ಔದಾರ್ಯ ಕೂಲಿಯ ಕರಾರಿಗೂ ಸಲ್ಲಬೇಕೆಂಬುದು ನನ್ನ ಅನಿಸಿಕೆ. ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕೆಂಬುದಂತೂ ಸೂರಃ ಅಲ್ ಬಕರಃದ 280ನೆಯ ಸೂಕ್ತದ ನೇರ ಆದೇಶ. ಹಾಗೆಯೇ, ಕೆಲಸ ಬಿಟ್ಟನೆಂಬ ಸಿಟ್ಟಿನಿಂದ ಮುಗಿದ 110 ಜೊತೆಯ ಕೂಲಿಯನ್ನು ಹಿಡಿದಿಡುವಂತಿಲ್ಲ.

ಕರಾರು ಕಳೆದುಕೊಂಡ ಮೇಲಿನ ಮೊದಲ ಕೆಲವು ದಿನಗಳಲ್ಲಿ ಮನೆಯವರು ಅವನನ್ನು ಒಂಟಿಯಾಗಿ ಬಿಡದಿರಲಿ. ಹೊರೆ ಇಳಿದ ಸಮಾಧಾನದ ಜೊತೆಗೆ ‘ನಾನು ಯಾವುದಕ್ಕೂ ಬಾರದವನು’ ಎಂಬ ಕೊರಗೂ ಆಗಲೇ ಶುರುವಾಗಬಹುದು. ಬದುಕೇ ಬೇಡವೆಂಬ ಮಾತು ಅವನ ಬಾಯಿಂದ ಬಂದರೆ ಅದನ್ನು ಗುನಾಹ್ ಎಂದು ಗದರಿಸಿ ಮುಗಿಸಬೇಡಿ, ಪಕ್ಕದಲ್ಲಿ ಕುಳಿತು ಕೇಳಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಅವನಿಗೆ ಮಾತಾಡಲು ಆಗದಿದ್ದರೆ ಮನೆಯವರೇ ಕರೆ ಮಾಡಿ ಕೇಳಬಹುದು.