ವಂಶವಾಹಿ ತಿದ್ದಿದ ತಳಿಯ ಪ್ರಾತ್ಯಕ್ಷಿಕೆ ತಾಕು: ರೈತರು ತಿಳಿದಿರಬೇಕಾದ ಕಟ್ಟಳೆಗಳು



ಹೊಸ ತಳಿಯನ್ನು ಮೊದಲು ಸಣ್ಣ ತಾಕಿನಲ್ಲಿ ಬೆಳೆದು ನೋಡುವುದು ಒಳ್ಳೆಯ ಪದ್ಧತಿ. ಕಣ್ಣಾರೆ ಕಂಡದ್ದನ್ನೇ ರೈತನು ನಂಬುತ್ತಾನೆ. ಆದರೆ ವಂಶವಾಹಿ ತಿದ್ದಿದ ತಳಿಯ ತಾಕು ತಮ್ಮ ಹೊಲದಲ್ಲಿಯೋ ಬದುವಿನ ಆಚೆಯೋ ಬರುವುದಾದರೆ, ನೋಡುವುದಕ್ಕೆ ಮೊದಲು ಕೇಳಿ ತಿಳಿಯಬೇಕಾದ ಸಂಗತಿಗಳಿವೆ.

ತಿದ್ದುವುದು ಎಂದರೇನು?

ಪೈರಿನ ಎತ್ತರ, ತೆನೆ, ಅವಧಿ ಮೊದಲಾದ ಗುಣಗಳನ್ನು ನಿರ್ಧರಿಸುವುದು ಅದರ ವಂಶವಾಹಿಗಳು. ಇವುಗಳಲ್ಲಿ ಒಂದನ್ನು ಗೊತ್ತಾದ ಜಾಗದಲ್ಲಿ ಕತ್ತರಿಸಿ ಬದಲಿಸುವುದೇ ತಿದ್ದುವಿಕೆ. ಬಿಟಿ ಹತ್ತಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯದ ವಂಶವಾಹಿಯನ್ನು ತಂದು ಸೇರಿಸಲಾಗಿದೆ. ಈಗ ಹೇಳುತ್ತಿರುವ ತಳಿಗಳಲ್ಲಿ ಹಾಗೆ ಹೊರಗಿನದು ಏನೂ ಉಳಿದಿರಕೂಡದು. ಪತ್ರದಲ್ಲಿ ಒಂದಕ್ಷರ ತಿದ್ದುವುದಕ್ಕೂ, ಬೇರೆ ಪತ್ರದ ಹಾಳೆಯನ್ನು ತಂದು ಹೊಲಿಯುವುದಕ್ಕೂ ಇರುವ ವ್ಯತ್ಯಾಸವಿದು.

2025ರ ಮೇ 4ರಂದು ನಮ್ಮ ದೇಶದಲ್ಲಿ ಇಂತಹ ಎರಡು ಭತ್ತದ ತಳಿಗಳನ್ನು ಪ್ರಕಟಿಸಲಾಯಿತು. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧಾನ್ 100 (ಕಮಲಾ) ಒಂದು. ತುಂಗಭದ್ರಾ ಅಚ್ಚುಕಟ್ಟಿನ ರೈತರು ಚೆನ್ನಾಗಿ ಬಲ್ಲ ಬಿಪಿಟಿ 5204 ತಳಿಯನ್ನು ತಿದ್ದಿ ಇದನ್ನು ಪಡೆಯಲಾಗಿದೆ. ಮೂಲ ತಳಿಗಿಂತ ಸರಾಸರಿ ಶೇ. 19 ಹೆಚ್ಚು ಇಳುವರಿ, ಸುಮಾರು 20 ದಿನ ಮೊದಲೇ ಕೊಯ್ಲು ಎಂದು ಸಂಸ್ಥೆಯು ತಿಳಿಸಿದೆ. ಎಂಟಿಯು 1010ರಿಂದ ಪಡೆದ ಪೂಸಾ ಡಿಎಸ್‌ಟಿ ರೈಸ್ 1 ಇನ್ನೊಂದು. ಇದು ಸವಳು ಭೂಮಿಗೆ ಉದ್ದೇಶಿಸಿದ್ದು.

ಕಾನೂನು ಏನು ಹೇಳುತ್ತದೆ?

1986ರ ಪರಿಸರ ಸಂರಕ್ಷಣಾ ಕಾಯಿದೆಯ ಕೆಳಗೆ 1989ರಲ್ಲಿ ನಿಯಮಗಳು ಬಂದವು. ಹೊರಗಿನ ವಂಶವಾಹಿ ಸೇರಿಸಿದ ಬೆಳೆಯನ್ನು ಬಯಲಿನಲ್ಲಿ ಬೆಳೆಯಲು ಇಂದಿಗೂ ಕೇಂದ್ರದ ಸಮಿತಿಯ ಮಂಜೂರಾತಿ ಬೇಕು. 2022ರ ಮಾರ್ಚ್ 30ರ ಆದೇಶವು, ಹೊರಗಿನದು ಉಳಿಯದಂತೆ ತಿದ್ದಿದ ಸಸ್ಯಗಳಿಗೆ ಈ ನಿಯಮಗಳ ಮುಖ್ಯ ಭಾಗದಿಂದ ವಿನಾಯಿತಿ ನೀಡಿತು. ಆದರೆ ಹೊರಗಿನದು ಉಳಿದಿಲ್ಲವೆಂದು ಸಿದ್ಧವಾಗುವ ತನಕ ಸಸ್ಯವು ಮುಚ್ಚಿದ ಮನೆಯಲ್ಲಿಯೇ ಇರತಕ್ಕದ್ದು. ಆ ಪುರಾವೆಯನ್ನು ಸಂಶೋಧನಾ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯು ಪರಿಶೀಲಿಸುತ್ತದೆ. ಅನಂತರ ಉಳಿದ ತಳಿಗಳಂತೆಯೇ ಪರೀಕ್ಷೆಯಾಗಿ, 1966ರ ಬೀಜ ಕಾಯಿದೆಯಂತೆ ಅಧಿಸೂಚನೆಯಾಗಬೇಕು.

ಇದರ ಅರ್ಥವನ್ನು ಗಮನಿಸಿರಿ. ವಿನಾಯಿತಿ ದೊರೆತ ಮೇಲೆ ಆ ತಾಕಿಗೆ ಪರಿಸರ ನಿಯಮಗಳ ಪ್ರತ್ಯೇಕ ಕಾವಲು ಇಲ್ಲ. ಆದ್ದರಿಂದ ತಾಕಿನ ಯಜಮಾನನ ಮತ್ತು ನೆರೆಯವರ ಎಚ್ಚರಿಕೆಗೆ ಹೆಚ್ಚು ಬೆಲೆ.

ತಾಕು ಹಾಕುವ ಮುಂಚೆ

1. ತಳಿಯ ಹೆಸರು, ತಿದ್ದಿದ ಗುಣ, ಸುರಕ್ಷತಾ ಸಮಿತಿಯ ತೀರ್ಮಾನ, ಬೆಳೆ ಕೆಟ್ಟರೆ ಪರಿಹಾರ: ಇವೆಲ್ಲ ಕನ್ನಡದಲ್ಲಿ ಬರೆದ ಕರಾರಿನಲ್ಲಿರಲಿ. ಓದದೆ ಹೆಬ್ಬೆಟ್ಟು ಒತ್ತಬೇಡಿರಿ.

2. ಅಂತರ ಬೆಳೆಯಿಂದ ಬೆಳೆಗೆ ಬೇರೆ. ಭತ್ತ ತನ್ನಲ್ಲೇ ಪರಾಗಸ್ಪರ್ಶ ಹೊಂದುವ ಬೆಳೆ. ಬೀಜ ಪ್ರಮಾಣೀಕರಣಕ್ಕೆ 3 ಮೀಟರು ಸಾಕು. ಮೆಕ್ಕೆಜೋಳದ ಪರಾಗ ಗಾಳಿಯಲ್ಲಿ ಹಾರುತ್ತದೆ. ಅದರ ಪ್ರಮಾಣಿತ ಸಂಕರಣ ಬೀಜಕ್ಕೆ 200 ಮೀಟರು ಅಂತರ ವಿಧಿಸಿದೆ.

3. ಬೆರಕೆ ಗಾಳಿಯಿಂದಲ್ಲದೆ ಕಣದಲ್ಲಿಯೂ ಆಗುತ್ತದೆ. ತಾಕನ್ನು ಬೇರೆಯಾಗಿ ಕೊಯ್ದು ಒಕ್ಕಿರಿ, ಯಂತ್ರವನ್ನು ಗುಡಿಸಿರಿ, ಚೀಲಕ್ಕೆ ಗುರುತು ಹಾಕಿರಿ. ಉದುರಿದ ಕಾಳಿನಿಂದ ಮುಂದಿನ ಹಂಗಾಮಿನಲ್ಲಿ ಎದ್ದ ಪೈರನ್ನು ಕೀಳಿರಿ.

4. ಪಕ್ಕದಲ್ಲೇ ಮೂಲ ತಳಿಯನ್ನು ಅದೇ ಗೊಬ್ಬರ, ಅದೇ ನೀರು ಕೊಟ್ಟು ಬೆಳೆಯಿರಿ. ಎರಡನ್ನೂ ತೂಗದೆ ಯಾವ ಮಾತನ್ನೂ ಒಪ್ಪಬೇಡಿರಿ.

5. ಸಾವಯವ ಪ್ರಮಾಣಪತ್ರವುಳ್ಳ ನೆರೆಯವರಿಗೆ ಮುಂಚಿತವಾಗಿ ತಿಳಿಸಿರಿ. ಅವರು ತಮ್ಮ ಪ್ರಮಾಣೀಕರಣ ಸಂಸ್ಥೆಯಿಂದ ಲಿಖಿತ ಉತ್ತರ ಪಡೆಯುವುದು ಯೋಗ್ಯ.

6. ಮುಂದೆ ಬೀಜ ಕೊಂಡಾಗ ಚೀಟಿ, ರಸೀತಿಗಳನ್ನು ಕಾಯ್ದಿಡಿರಿ. ಬೀಜವನ್ನು ಉಳಿಸಿ ಬಿತ್ತುವ ಹಕ್ಕು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿದೆ. ನೋಂದಾಯಿತ ತಳಿಯು ಹೇಳಿದ ಫಲ ಕೊಡದಿದ್ದರೆ ಪರಿಹಾರ ಕೇಳಲೂ ಅದರಲ್ಲಿ ಅವಕಾಶವುಂಟು.

ಮರೆಯಬಾರದ ಪಾಠ

1998ರ ನವೆಂಬರಿನಲ್ಲಿ ನಮ್ಮ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪರೀಕ್ಷಾ ತಾಕನ್ನು ರೈತ ಸಂಘದವರು ಸುಟ್ಟರು. ಹೊಲದ ರೈತರಿಗೇ ಸರಿಯಾಗಿ ತಿಳಿಸಿರಲಿಲ್ಲವೆಂಬುದು ಅಂದಿನ ದೊಡ್ಡ ದೂರು. ಗುಟ್ಟಿನಲ್ಲಿ ಬಿತ್ತಿದರೆ ಸಂಶಯವೇ ಬೆಳೆಯುತ್ತದೆ; ಪೈರು ಸುಟ್ಟರೆ ಅದರಿಂದ ಕಲಿಯಬಹುದಾದದ್ದೂ ಸುಟ್ಟುಹೋಗುತ್ತದೆ. ತಾಕಿಗೆ ಫಲಕ ಹಾಕಿ, ಗ್ರಾಮಸಭೆಯಲ್ಲಿ ಹೇಳಿ, ಎಲ್ಲರೂ ಬಂದು ನೋಡುವಂತೆ ಮಾಡುವುದೇ ಸರಿಯಾದ ದಾರಿ. ಸಂದೇಹವಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಗ್ರಾಮದ ಚರ್ಚೆಗೆ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ತಾಕು ಹಾಕುವುದಾದರೆ ಯಾವ ಹೊಲ ತಕ್ಕದ್ದು? ಏಕೆ?
2. ತಾಕಿನ ಕಾಳನ್ನು ಏನು ಮಾಡಬೇಕೆಂದು ಯಾರು ತೀರ್ಮಾನಿಸಬೇಕು?
3. ಎರಡು ತಾಕುಗಳ ತೂಕವನ್ನು ಯಾರ ಎದುರಿನಲ್ಲಿ ಮಾಡಬೇಕು?