ಕುಂಬಾಗುವ ಮುನ್ನ ಲೇತಿಗೆ

ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮುಗಿದ ಮೇಲೆ ಉಳಿಯುವ, ಗಾಳಿಗೆ ಉರುಳಿದ ಮಾವು, ಸಿಲ್ವರ್ ಓಕ್ ದಿಮ್ಮಿಗಳು ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಒಲೆ ಸೇರುವುದೇ ಹೆಚ್ಚು. ಹೆತ್ತೂರು, ಹಾನುಬಾಳಿನ ಮಳೆಯಲ್ಲಿ ನೆನೆದ ಮಾವಿನ ದಿಮ್ಮಿಯನ್ನು ಒಮ್ಮೆ ಕೊಯ್ದು ನೋಡಿ. ಬಿಳಿಚಿಕೊಂಡ ಮರದ ನಡುವೆ ಸಣ್ಣ ಕಪ್ಪು ಗೆರೆಗಳು ಓಡಾಡಿರುತ್ತವೆ. ಒಂದು ಶಿಲೀಂಧ್ರ ಇನ್ನೊಂದಕ್ಕೆ ಎದುರಾದಲ್ಲಿ ಹಾಕಿಕೊಳ್ಳುವ ಬೇಲಿ ಅದು. ಹೂದಾನಿ, ಬಟ್ಟಲು ಕಡೆಯುವವರಿಗೆ ಇಷ್ಟು ಚೆಂದದ ಮರ ದುಡ್ಡು ಕೊಟ್ಟರೂ ಸಿಗದು.

ಆಯುವಾಗ ಉಗುರು ಒತ್ತಿ. ಗುರುತು ಮೂಡಿದರೆ ಕೆಲಸಕ್ಕೆ ಬರುತ್ತದೆ. ಬೆರಳೇ ಒಳಗಿಳಿದರೆ ಕುಂಬಾಗಿದೆ, ಬಿಟ್ಟುಬಿಡಿ. ಕಂದುಬಣ್ಣಕ್ಕೆ ತಿರುಗಿ ಚೌಕ ಚೌಕವಾಗಿ ಪುಡಿಯಾಗುವ ಮರವೂ ಬೇಡ. ನನ್ನ ಮಟ್ಟಿಗೆ ಒಂದು ಮಳೆಗಾಲ ನೆಲದಲ್ಲಿ ಬಿದ್ದಿದ್ದರೆ ಸಾಕು, ದಸರೆಯ ಹೊತ್ತಿಗೆ ಎತ್ತಿಬಿಡಬೇಕು. ಬೀಟೆಯಂಥ ಮರವಾದರೆ, ಬಿದ್ದದ್ದೇ ಆದರೂ, ಅರಣ್ಯ ಇಲಾಖೆಯನ್ನು ಕೇಳದೆ ಮುಟ್ಟಬೇಡಿ.

ಎತ್ತಿದ ದಿಮ್ಮಿಯನ್ನು ಹಸಿಯಲ್ಲೇ ಒರಟಾಗಿ ಕಡೆಯಿರಿ. 20 ಸೆಂ.ಮೀ. ಅಗಲದ ಬಟ್ಟಲಿಗೆ ಗೋಡೆ 2 ಸೆಂ.ಮೀ.ಗಿಂತ ದಪ್ಪ ಉಳಿಯಲಿ. ಅಂಚಿಗೆ ಮೇಣ ಬಳಿದು ಅಟ್ಟದ ಮೇಲಿಡಿ. ಕಾಫಿ ಕಣದ ಬಿಸಿಲಿಗೆ ಇಟ್ಟರೆ ಸೀಳುತ್ತದೆ. ವಾರಕ್ಕೊಮ್ಮೆ ತೂಗುತ್ತಿರಿ, ತೂಕ ಇಳಿಯುವುದು ನಿಂತಾಗ ಒಣಗಿದೆ ಎಂದರ್ಥ. ತೇವ ಶೇ 20ಕ್ಕಿಂತ ಕೆಳಗಿಳಿದರೆ ಶಿಲೀಂಧ್ರವೂ ಮುಂದೆ ಬೆಳೆಯದು.

ನಿಜವಾದ ಕಷ್ಟ ಒಣಗಿದ್ದನ್ನು ಮತ್ತೆ ಕಡೆಯುವ ಎರಡನೇ ಸುತ್ತಿನಲ್ಲಿ. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರವೂ ಮೆದುವೇ, ಆದರೆ ಉದ್ದಕ್ಕೂ ಒಂದೇ ಹದ. ಇಲ್ಲಿ ಒಂದೇ ತುಂಡಿನಲ್ಲಿ ಗಟ್ಟಿಯೂ ಮೆದುವೂ ಸೇರಿರುತ್ತವೆ; ಉಳಿ ಗಟ್ಟಿ ಭಾಗ ದಾಟಿದ ಕೂಡಲೇ ಮೆದು ಭಾಗದ ಎಳೆ ಕಿತ್ತುಬರುತ್ತದೆ. ಆದ್ದರಿಂದ ಮೊದಲು ಗಟ್ಟಿ ಮಾಡಿಕೊಳ್ಳಿ. ಲೀಟರ್ ಸ್ಪಿರಿಟ್‌ಗೆ 100 ಗ್ರಾಂ ಅರಗಿನ ಚಕ್ಕೆ ಕರಗಿಸಿ, ಮೆದು ಜಾಗ ಕುಡಿಯುವಷ್ಟು ಬಳಿದು, ಒಂದು ದಿನ ಒಣಗಲು ಬಿಡಿ. ಒಲೆ, ಬೀಡಿ ಹತ್ತಿರವಿರಬಾರದು. ತೀರಾ ಮೆದುವಾದಲ್ಲಿ ತೆಳು ಸೂಪರ್ ಗ್ಲೂ ಹನಿಸಿ. ಒರೆಸಲು ಹತ್ತಿ ಬಟ್ಟೆ ಬೇಡ, ಆ ಅಂಟು ಹತ್ತಿಗೆ ತಗುಲಿದರೆ ಸುಡುವಷ್ಟು ಬಿಸಿಯೇರುತ್ತದೆ.

ಮೆದು ಮರದಲ್ಲಿ ಸ್ಕ್ರೂ ಹಿಡಿಯದು. ತಳಕ್ಕೆ ಗಟ್ಟಿ ಮರದ ತುಂಡು ಅಂಟಿಸಿ ಅದನ್ನೇ ಲೇತಿಗೆ ಕಚ್ಚಿಸಿ. ನಿಮಿಷಕ್ಕೆ 500 ಸುತ್ತಿನೊಳಗೆ ಶುರು ಮಾಡಿ. ಹೊರಮೈಯನ್ನು ತಳದಿಂದ ಬಾಯಿಯತ್ತ, ಒಳಮೈಯನ್ನು ಬಾಯಿಯಿಂದ ನಡುವಿನತ್ತ ಕಡೆಯಿರಿ. ಆಗತಾನೇ ಮಸೆದ ಗೌಜ್‌ನಿಂದ (ದೋಣಿಯಾಕಾರದ ಉಳಿ) ಸಿಪ್ಪೆ ತೆಗೆದಷ್ಟೇ ತೆಳ್ಳಗೆ ತೆಗೆಯಬೇಕು. ಎಳೆ ಕಿತ್ತರೆ ನಿಲ್ಲಿಸಿ, ಮತ್ತೊಮ್ಮೆ ಅರಗು ಕುಡಿಸಿ, ಉಳಿ ಮಸೆದು ಮುಂದುವರಿಯಿರಿ. ಉಪ್ಪುಕಾಗದವನ್ನು ಬರಿ ಬೆರಳಿನಿಂದ ಒತ್ತಿದರೆ ಮೆದು ಜಾಗ ಗುಳಿ ಬೀಳುತ್ತದೆ, ಹಿಂದೆ ಮರದ ಚೂರು ಇಟ್ಟುಕೊಳ್ಳಿ.

ಮುಖಕ್ಕೆ ಗುರಾಣಿ, ಮೂಗಿಗೆ ಎನ್-95 ಮಾಸ್ಕ್ ಇಲ್ಲದೆ ಈ ಮರದ ಮುಂದೆ ನಿಲ್ಲಲೇಬೇಡಿ. ದೂಳಿನಲ್ಲಿ ಬೂಸ್ಟಿನ ಬೀಜಕಣಗಳಿರುತ್ತವೆ. ಸಿಲ್ವರ್ ಓಕ್ ಕೆಲವರ ಚರ್ಮಕ್ಕೂ ಆಗದು, ತುರಿಕೆ ಏಳುತ್ತದೆ. ಕಡೆದ ಬಟ್ಟಲಿಗೆ ಸಾರು, ಮೊಸರು ಹಾಕುವಂತಿಲ್ಲ. ಕೀಲಿಕೈ, ಒಣಹೂವು ಇಡಲು ಬಳಸಿ.