ಆಸನ ವಿವೇಕ: ಚರ್ಮದ ಸೋಫಾ, ಬಟ್ಟೆಯ ಸೋಫಾ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೂ ಒಂದು. ಒಮ್ಮೆ ಅನುಭವಿಸಿ ಮುಗಿದುಹೋಗುವ ಅನ್ನ, ಪಾನ, ಗಂಧ, ಹೂಮಾಲೆಗಳು ಭೋಗ. ಮತ್ತೆ ಮತ್ತೆ ಅನುಭವಿಸತಕ್ಕ ವಸ್ತ್ರ, ಆಭರಣ, ಹಾಸಿಗೆ, ಆಸನಗಳು ಉಪಭೋಗ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಮಿತಿಗೊಳಿಸಬೇಕಾದ ವಿಷಯಗಳನ್ನು ಎಣಿಸುವಾಗ ಭೋಜನ, ವಾಹನಗಳ ಜೊತೆಯಲ್ಲಿಯೇ ಶಯನವನ್ನೂ ಹೇಳಿದ್ದಾರೆ. ನಮ್ಮ ಮನೆಗಳಲ್ಲಿ ಭೋಗದ ವಿಚಾರ ಸಾಕಷ್ಟು ನಡೆಯುತ್ತದೆ. ಕಂದಮೂಲಗಳನ್ನು ಬಿಟ್ಟವರಿದ್ದಾರೆ, ರಾತ್ರಿಭೋಜನವನ್ನು ಬಿಟ್ಟವರಿದ್ದಾರೆ. ಉಪಭೋಗದ ವಿಚಾರ ಮಾತ್ರ ಅಷ್ಟಾಗಿ ನಡೆಯುವುದಿಲ್ಲ. ಊಟ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕೊಂಡುತಂದ ಆಸನವಾದರೋ ಹತ್ತು ಹದಿನೈದು ವರ್ಷ ಮನೆಯಲ್ಲಿರುತ್ತದೆ.

ಹೊಸ ಮನೆ ಕಟ್ಟಿದವರು, ಮದುವೆಯ ಏರ್ಪಾಟು ಮಾಡುವವರು ಸೋಫಾ ಕೊಳ್ಳಲು ಹೋದಾಗ ವರ್ತಕನು ಕೇಳುವ ಮೊದಲ ಪ್ರಶ್ನೆ, ಲೆದರೋ ಬಟ್ಟೆಯೋ ಎಂಬುದು. ಅವನು ಬೆಲೆ, ಬಾಳಿಕೆ, ಅಂದಗಳನ್ನು ವಿವರಿಸುತ್ತಾನೆ. ಶ್ರಾವಕನಾದವನು ಇನ್ನೆರಡು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳಬೇಕು. ಇದು ಯಾವುದರಿಂದ ಆದದ್ದು? ಇದನ್ನು ಯತ್ನಾಚಾರದಿಂದ ಇಟ್ಟುಕೊಳ್ಳಲು ಸಾಧ್ಯವೇ?

1. ಚರ್ಮದ ವಿಚಾರ

ಮೂರು ಜನ ಕೂರುವ ಚರ್ಮದ ಸೋಫಾಕ್ಕೆ ಒಂದು ಪ್ರಾಣಿಯ ತೊಗಲು ಸಾಲದು. ಹಲವು ದನ ಎಮ್ಮೆಗಳ ತೊಗಲು ಬೇಕು. ಹಸಿ ತೊಗಲಿಗೆ ಉಪ್ಪು ಹಚ್ಚಿ ಕೆಡದಂತೆ ಇಟ್ಟು, ಸುಣ್ಣದ ನೀರಿನಲ್ಲಿ ನೆನೆಸಿ ರೋಮ ತೆಗೆದು, ಗಿಡಮರಗಳ ತೊಗಟೆಯ ಕಷಾಯದಿಂದಲೋ ಕ್ರೋಮಿಯಂ ಲವಣದಿಂದಲೋ ಹದಮಾಡುತ್ತಾರೆ. ಇಂದು ಹೆಚ್ಚಿನ ಚರ್ಮ ಕ್ರೋಮಿಯಂನಿಂದ ಹದವಾದುದೇ. ಅಂಗಡಿಯಲ್ಲಿ ನುಣುಪಾಗಿ ಹೊಳೆಯುವ ಆಸನದ ಪೂರ್ವವೃತ್ತಾಂತ ಇದು.

ಶಂಕೆ: ಪ್ರಾಣಿಯನ್ನು ಕೊಲ್ಲುವುದು ಮಾಂಸಕ್ಕಾಗಿ, ಚರ್ಮವು ಉಳಿಕೆಯ ವಸ್ತು. ಕೊಂಡವನು ಕೊಲ್ಲಲಿಲ್ಲ, ಕೊಲ್ಲಿಸಲೂ ಇಲ್ಲ. ಅವನಿಗೆ ದೋಷವೆಲ್ಲಿಯದು?

ಸಮಾಧಾನ: ಅಹಿಂಸಾಣುವ್ರತವು ಕೃತ, ಕಾರಿತ ಎಂಬ ಎರಡಕ್ಕೇ ನಿಲ್ಲುವುದಿಲ್ಲ, ಅನುಮೋದನೆಯನ್ನೂ ಒಳಗೊಳ್ಳುತ್ತದೆ. ಚರ್ಮವನ್ನು ಯಾರೂ ಬಿಸಾಡುವುದಿಲ್ಲ. ಅದಕ್ಕೆ ಬೆಲೆಯಿದೆ, ಆ ಬೆಲೆ ಕೊಲೆಯ ಲಾಭದಲ್ಲಿ ಸೇರುತ್ತದೆ. ಇದನ್ನು ತಿಳಿಯಲು ಅಚೌರ್ಯ ವ್ರತದ ಅತಿಚಾರಗಳನ್ನು ನೋಡಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಕಳ್ಳನು ತಂದ ವಸ್ತುವನ್ನು ಕೊಳ್ಳುವುದೇ ಒಂದು ಅತಿಚಾರವೆಂದು ಎಣಿಸಿದೆ. ಕೊಂಡವನು ಕನ್ನ ಹಾಕಲಿಲ್ಲ, ಕಳ್ಳನನ್ನು ಕಳುಹಿಸಲಿಲ್ಲ, ಹಣ ಕೊಟ್ಟೇ ಕೊಂಡ. ಆದರೂ ವ್ರತಕ್ಕೆ ಮಲಿನತೆ ಬಂತು. ಕಳ್ಳತನದ ಮಾಲಿಗೆ ಗಿರಾಕಿಯಾಗಬಾರದೆಂದು ಒಪ್ಪುವ ಶ್ರಾವಕನು, ಪ್ರಾಣವನ್ನೇ ಕಳೆದು ತೆಗೆದ ಮಾಲಿಗೆ ಗಿರಾಕಿಯಾಗಬಹುದೆಂದು ಹೇಗೆ ಹೇಳಿಯಾನು?

ಶಂಕೆ: ತಾನಾಗಿ ಸತ್ತ ಪ್ರಾಣಿಯ ಚರ್ಮವಾದರೆ?

ಸಮಾಧಾನ: ಮಾರುಕಟ್ಟೆಯಲ್ಲಿ ಎಲ್ಲ ತೊಗಲೂ ಬೆರೆತು ಬರುತ್ತದೆ, ಕೊಳ್ಳುವವನಿಗೆ ಅದರ ಮೂಲ ತಿಳಿಯುವ ದಾರಿಯಿಲ್ಲ. ತಾನಾಗಿ ಸತ್ತ ಎತ್ತು ಎಮ್ಮೆಗಳ ಮಾಂಸದಲ್ಲಿಯೂ ಸೂಕ್ಷ್ಮಜೀವಿಗಳು ಹುಟ್ಟುವುದರಿಂದ ಅಲ್ಲಿಯೂ ಹಿಂಸೆಯುಂಟೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತೋರಿಸಿದ್ದಾರೆ. ಆ ಮಾತು ಮಾಂಸವನ್ನು ಕುರಿತದ್ದು. ಹದಮಾಡಿದ ಒಣ ಚರ್ಮಕ್ಕೆ ಅದನ್ನು ಹಾಗೆಯೇ ಹಚ್ಚಬಾರದು. ಆದರೆ 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ, ಚರ್ಮದ ಪಾತ್ರೆಯಲ್ಲಿಟ್ಟ ನೀರು ಎಣ್ಣೆಗಳನ್ನು ಸೇವಿಸುವುದು ಮಾಂಸತ್ಯಾಗಕ್ಕೆ ಅತಿಚಾರವೆಂದು ಹೇಳಿದ್ದಾರೆ. ಬಸದಿಗೆ ಹೋಗುವಾಗ ಚರ್ಮದ ಬೆಲ್ಟು, ಕೈಚೀಲಗಳನ್ನು ಹೊರಗಿಡುವುದು ಇಂದಿಗೂ ನಡೆದುಬಂದ ಪದ್ಧತಿ. ಮಕ್ಕಳು ತಿಂಡಿ ತಿನ್ನುವ, ಹಿರಿಯರು ಸ್ವಾಧ್ಯಾಯಕ್ಕೆ ಕೂರುವ ನಡುಮನೆಗೆ ಅದೇ ಚರ್ಮವನ್ನು ಹಣ ಕೊಟ್ಟು ತರುವುದು ಉಚಿತವಲ್ಲ.

ಶಂಕೆ: ಚರ್ಮ ಬಹುಕಾಲ ಬಾಳುತ್ತದೆ. ಕೃತಕ ಹೊದಿಕೆ ಕೆಲವೇ ವರ್ಷಗಳಲ್ಲಿ ಬಿರಿದು ಸಿಪ್ಪೆಯೇಳುತ್ತದೆ. ಪದೇ ಪದೇ ಹೊಸದನ್ನು ಕೊಳ್ಳುವುದೂ ಆರಂಭವಲ್ಲವೇ?

ಸಮಾಧಾನ: ಈ ಮಾತಿನಲ್ಲಿ ಹುರುಳಿದೆ. ಬಾಳದ ವಸ್ತುವನ್ನು ಮೇಲಿಂದ ಮೇಲೆ ಕೊಳ್ಳುವುದು ಪರಿಗ್ರಹ ಪರಿಮಾಣಕ್ಕೆ ಒಪ್ಪುವುದಲ್ಲ. ಹಾಗೆಂದು ಚರ್ಮವೇ ನಿರುಪದ್ರವಿಯೆಂದು ತಿಳಿಯಲಾಗದು. ತಮಿಳುನಾಡಿನ ಪಾಲಾರ್ ನದಿಯ ಆಸುಪಾಸಿನಲ್ಲಿ ಚರ್ಮ ಹದಮಾಡುವ ಕಾರ್ಖಾನೆಗಳ ಹೊಲಸು ನೀರಿನಿಂದ ಬಾವಿ, ಹೊಲಗಳು ಕೆಟ್ಟ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1996ರಲ್ಲಿ ತೀರ್ಪು ಬಂತು. ಕಾರ್ಖಾನೆಗಳಿಗೆ ದಂಡವನ್ನೂ ವಿಧಿಸಲಾಯಿತು. ಬಾಳಿಕೆಯೇ ಮುಖ್ಯವಾದರೆ ಮರದ ಚೌಕಟ್ಟಿನ ಆಸನವಿದೆ. ಅದರ ದಿಂಬು, ಗವಸುಗಳು ಹಳೆಯದಾದಾಗ ಅವನ್ನಷ್ಟೇ ಬದಲಿಸಬಹುದು.

2. ಹೆಸರುಗಳ ಪರೀಕ್ಷೆ

ಅಂಗಡಿಯ ಹೆಸರುಗಳನ್ನು ಕೇಳಿ ಮೋಸಹೋಗಬಾರದು. ‘ಜೆನ್ಯೂಯಿನ್ ಲೆದರ್’ ಎಂದರೆ ನಿಜವಾದ ಚರ್ಮ. ‘ಬಾಂಡೆಡ್ ಲೆದರ್’ ಎಂಬುದು ಚರ್ಮದ ಚೂರುಗಳನ್ನು ಪುಡಿಮಾಡಿ ಅಂಟಿನಿಂದ ಕೂಡಿಸಿದ ಹಾಳೆ. ಅದರಲ್ಲಿಯೂ ಪ್ರಾಣಿಯ ಚರ್ಮವಿದೆ. ‘ಸ್ವೇಡ್’ ಚರ್ಮದ ಒಳಮೈ. ‘ಮೈಕ್ರೋ ಸ್ವೇಡ್’ ಮಾತ್ರ ಕೃತಕ ನೂಲಿನದು. ರೆಕ್ಸಿನ್, ಲೆದರೆಟ್, ಪಿ.ಯು. ಎಂಬವು ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪಿಸಿದವು, ಅವುಗಳಲ್ಲಿ ಚರ್ಮವಿಲ್ಲ. ಕೂರುವ ಭಾಗಕ್ಕೆ ಚರ್ಮವನ್ನೂ ಬೆನ್ನು ಪಕ್ಕಗಳಿಗೆ ರೆಕ್ಸಿನ್ನನ್ನೂ ಹಾಕಿದ ಸೋಫಾಗಳೂ ಉಂಟು. ಹೊದಿಕೆಯ ಹಿಂಬದಿ ನಾರುನಾರಾಗಿದ್ದರೆ ಚರ್ಮವೆಂದೂ, ನೇಯ್ಗೆ ಕಂಡರೆ ಲೇಪದ ಬಟ್ಟೆಯೆಂದೂ ಸಾಮಾನ್ಯವಾಗಿ ತಿಳಿಯಬಹುದು. ಬಾಂಡೆಡ್ ಹಾಳೆಗೂ ಹಿಂದೆ ಬಟ್ಟೆ ಅಂಟಿಸುವುದುಂಟಾದ್ದರಿಂದ, ಯಾವ ಭಾಗದಲ್ಲಿಯೂ ಪ್ರಾಣಿಯ ಚರ್ಮವಿಲ್ಲವೆಂದು ಬಿಲ್ಲಿನಲ್ಲಿಯೇ ಬರೆಯಿಸಿಕೊಳ್ಳುವುದು ಲೇಸು.

3. ಬಟ್ಟೆಯೆಂದ ಮಾತ್ರಕ್ಕೆ ನಿರ್ದೋಷವಲ್ಲ

ಚರ್ಮವನ್ನು ಬಿಟ್ಟು ಬಟ್ಟೆಯನ್ನು ಆರಿಸಿದೊಡನೆ ವ್ರತ ಪೂರ್ಣವಾಯಿತೆಂದು ಭಾವಿಸುವುದು ಅವಸರದ ತೀರ್ಮಾನ. ಮೊದಲಾಗಿ ಬಟ್ಟೆಯ ಮೂಲ. ಹತ್ತಿ, ಸೆಣಬು, ನಾರಗಸೆ ಇವು ಸಸ್ಯಜನ್ಯ. ರೇಷ್ಮೆ ಹಾಗಲ್ಲ. ರಾಮನಗರದ ಮಾರುಕಟ್ಟೆಗೆ ಬರುವ ಗೂಡುಗಳಿಂದ ನೂಲು ತೆಗೆಯುವ ಮೊದಲು, ಚಿಟ್ಟೆ ಗೂಡನ್ನು ಸೀಳಿ ಹೊರಬಾರದಂತೆ ಒಳಗಿನ ಹುಳುವನ್ನು ಬಿಸಿಯಿಂದ ಕೊಲ್ಲುತ್ತಾರೆ. ಒಂದು ಕಿಲೋ ನೂಲಿಗೆ ಸಾವಿರಾರು ಗೂಡುಗಳು ಬೇಕು. ಚರ್ಮಕ್ಕೆ ಅಂಜಿ ರೇಷ್ಮೆಯ ಹೊದಿಕೆ ತಂದರೆ ತ್ರಸಹಿಂಸೆ ತಪ್ಪಿದಂತಾಗಲಿಲ್ಲ. ದಿಂಬಿನ ಒಳಗೆ ತುಂಬಿದ್ದು ತೆಂಗಿನ ನಾರೋ, ಹತ್ತಿಯೋ, ಫೋಮೋ ಅಥವಾ ಬಾತುಕೋಳಿಯ ಪುಕ್ಕವೋ ಎಂಬುದನ್ನೂ ಕೇಳಬೇಕು.

ಎರಡನೆಯದು ಇನ್ನೂ ಗಹನವಾದದ್ದು. ದಪ್ಪ ಬಟ್ಟೆ ಧೂಳನ್ನು ಹಿಡಿಯುತ್ತದೆ. ಧೂಳಿನಲ್ಲಿ ಕಣ್ಣಿಗೆ ಕಾಣದ ಹುಳುಗಳು ಬೆಳೆಯುತ್ತವೆ. ಮಡಿಕೆಗಳಲ್ಲಿ ಬಿದ್ದ ತಿಂಡಿಯ ಚೂರಿಗೆ ಇರುವೆ ಬರುತ್ತದೆ. ಹೊಲಿಗೆಯ ಸಂದಿಯಲ್ಲಿ ತಿಗಣೆ ಮನೆಮಾಡುತ್ತದೆ. ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಇರುವೆ, ತಿಗಣೆಗಳು ತ್ರೀಂದ್ರಿಯ ಜೀವಿಗಳು. ಅಹಿಂಸೆಗಾಗಿ ಬಟ್ಟೆಯ ಸೋಫಾ ತಂದ ಮನೆಯವರೇ ಎರಡು ವರ್ಷಗಳ ಮೇಲೆ ತಿಗಣೆಯ ಔಷಧಿ ಸಿಂಪಡಿಸಲು ಆಳನ್ನು ಕರೆಸಿದರೆ, ಒಂದೇ ಗಳಿಗೆಯಲ್ಲಿ ನೂರಾರು ಜೀವಗಳ ವಧೆಯಾಗುತ್ತದೆ. ಅದು ಸಂಕಲ್ಪಪೂರ್ವಕವಾದ, ಕಾರಿತವಾದ ಹಿಂಸೆ. ಆಯ್ಕೆಯಲ್ಲಿ ತಪ್ಪಿಸಿಕೊಂಡ ದೋಷ ಅಲಕ್ಷ್ಯದ ದಾರಿಯಲ್ಲಿ ಮನೆಯೊಳಗೆ ಬಂದಂತಾಯಿತು.

ಆದುದರಿಂದ ಆಸನದ ನಿಜವಾದ ಪರೀಕ್ಷೆ ಇದು: ಕಣ್ಣಿಂದ ನೋಡಿ ಕೈಯಿಂದ ಒರಸಲು ಅದು ಎಡೆಗೊಡುತ್ತದೆಯೇ? ಕೆಳಗೆ ಪೊರಕೆ ಹೋಗುವಷ್ಟು ಎತ್ತರದ ಕಾಲುಗಳಿರಬೇಕು. ದಿಂಬುಗಳು ಬಿಡಿಯಾಗಿರಬೇಕು. ಗವಸು ಬಿಚ್ಚಿ ಒಗೆಯುವಂತಿರಬೇಕು. ಬಣ್ಣ ತಿಳಿಯಾಗಿದ್ದರೆ ಹರಿದಾಡುವ ಜೀವ ಕಾಣುತ್ತದೆ. ವಾರಕ್ಕೊಮ್ಮೆ ದಿಂಬುಗಳನ್ನೆತ್ತಿ ಮೃದುವಾದ ವಸ್ತ್ರದಿಂದ ಸಂದಿಗಳನ್ನು ಒರಸಬೇಕು. ಆಸನದ ಮೇಲೆ ಆಹಾರ ಸೇವಿಸಬಾರದು. ಹುಳು ಹುಟ್ಟಿದ ಮೇಲೆ ಸುಡುಬಿಸಿಲಿಗೆ ಎಸೆಯುವುದು ಬೇರೆ, ಹುಟ್ಟದಂತೆ ಮೊದಲಿನಿಂದಲೇ ಗಾಳಿ ಬೆಳಕು ತೋರಿಸುವುದು ಬೇರೆ. ಮೊದಲನೆಯದು ಹಿಂಸೆ, ಎರಡನೆಯದು ಯತ್ನಾಚಾರ.

4. ಉಪವಾಸದ ದಿನದ ಆಸನ

ಪ್ರೋಷಧೋಪವಾಸದ ಐದು ಅತಿಚಾರಗಳಲ್ಲಿ ಮೊದಲ ಮೂರೂ ನೋಡದೆ, ಒರಸದೆ ಮಾಡುವ ಕ್ರಿಯೆಗಳನ್ನೇ ಕುರಿತವು. ನೋಡದೆ ಒರಸದೆ ನೆಲದ ಮೇಲೆ ವಿಸರ್ಜಿಸುವುದು, ವಸ್ತುಗಳನ್ನು ತೆಗೆದುಕೊಳ್ಳುವುದು, ಹಾಸುಗೆಯನ್ನು ಹಾಸುವುದು. ದಿನವಿಡೀ ನಿರಾಹಾರವಾಗಿದ್ದು, ಸಂದಿಯಲ್ಲಿ ಏನಿದೆಯೆಂದು ನೋಡದೆ ಮೆತ್ತೆಯ ಮೇಲೆ ಮೈಚೆಲ್ಲಿದರೆ ಉಪವಾಸಕ್ಕೆ ಮಲಿನತೆ ಬರುತ್ತದೆ. ಮುನಿಗಳು ಕೂರುವ ಮುನ್ನ ಪಿಂಛಿಯಿಂದ ಸ್ಥಳವನ್ನು ಪರಿಮಾರ್ಜನ ಮಾಡುವುದನ್ನು ಎಲ್ಲರೂ ಕಂಡಿದ್ದಾರೆ. ಗೃಹಸ್ಥನಿಗೆ ಅದೇ ಪಾಠ. ಅಷ್ಟಮಿ, ಚತುರ್ದಶಿಗಳಲ್ಲಿಯೂ ದಶಲಕ್ಷಣ ಪರ್ವದಲ್ಲಿಯೂ ಸೋಫಾವನ್ನು ಬಿಟ್ಟು, ಒರಸಿದ ಮಣೆ ಅಥವಾ ಕೊಡವಿದ ಚಾಪೆಯ ಮೇಲೆ ಕೂರುವುದು ಸುಲಭವೂ ನಿರ್ದೋಷವೂ ಆದ ಮಾರ್ಗ.

5. ಮನೆಯಲ್ಲಿ ಈಗಾಗಲೇ ಇದ್ದರೆ

ಮಗನು ದುಡಿದ ಹಣದಲ್ಲಿ ಪ್ರೀತಿಯಿಂದ ಚರ್ಮದ ಸೋಫಾ ತಂದಿರುತ್ತಾನೆ. ವ್ರತ ಹಿಡಿದ ತಾಯಿ ಅದರ ಮೇಲೆ ಕೂರದೆ ನೆಲದ ಮೇಲೆ ಕೂರುತ್ತಾಳೆ. ಅಲ್ಲಿಯವರೆಗೆ ಸರಿ. ಆದರೆ ಬಂದ ನೆಂಟರ ಮುಂದೆ, ‘ಇದು ಹೆಣದ ತೊಗಲು’ ಎಂದು ಆಕೆ ಆಡಿದ ಒಂದು ಮಾತಿನಿಂದ ಮಗನ ಮನಸ್ಸು ನೊಂದು, ತಾಯಿ ಮಗನ ನಡುವೆ ಮಾತೇ ನಿಂತರೆ ಆ ವ್ರತದ ಫಲವೇನು? ಸೋಫಾದಿಂದ ದೂರವಿದ್ದುದು ವ್ರತ, ನೋಯಿಸಿದ್ದು ಕಷಾಯ. ದಶಧರ್ಮಗಳಲ್ಲಿ ಮೊದಲನೆಯದು ಉತ್ತಮ ಕ್ಷಮೆ ಎಂಬುದನ್ನು ಇಬ್ಬರೂ ನೆನೆಯಬೇಕು. ತಾಯಿಯಾದವಳು ಏಕಾಂತದಲ್ಲಿ ಮೃದುವಾಗಿ ಕಾರಣವನ್ನು ತಿಳಿಸಬೇಕು. ಮಗನಾದವನು ತಾಯಿಯ ತ್ಯಾಗವನ್ನು ತನ್ನ ಅವಮಾನವೆಂದು ಎಣಿಸಬಾರದು.

ಅಂಥ ಆಸನವನ್ನು ಲಾಭಕ್ಕೆ ಮಾರುವುದಕ್ಕಿಂತ, ಬೆಲೆ ಪಡೆಯದೆ ಬೇಕಾದವರಿಗೆ ಕೊಟ್ಟುಬಿಡುವುದು ಮೇಲು. ಒಡನೆಯೇ ಸಾಧ್ಯವಾಗದಿದ್ದರೆ ಪೂಜೆ, ಸ್ವಾಧ್ಯಾಯ, ಭೋಜನಗಳ ಸ್ಥಳದಿಂದ ಅದನ್ನು ದೂರವಿರಿಸಿ, ಮತ್ತೊಂದನ್ನು ತರುವುದಿಲ್ಲವೆಂದು ಸಂಕಲ್ಪ ಮಾಡತಕ್ಕದ್ದು.

6. ಸ್ವೀಕರಿಸಬಹುದಾದ ನಿಯಮಗಳು

ಜೀವನಪರ್ಯಂತದ ತ್ಯಾಗಕ್ಕೆ ಯಮವೆಂದೂ ಕಾಲದ ಮಿತಿಯುಳ್ಳ ತ್ಯಾಗಕ್ಕೆ ನಿಯಮವೆಂದೂ ಹೆಸರು. ಶಕ್ತಿಯನ್ನು ಮರೆಮಾಚದೆ, ಶಕ್ತಿಯನ್ನು ಮೀರದೆ, ಗೃಹಸ್ಥರು ಹೀಗೆ ಸ್ವೀಕರಿಸಬಹುದು:

ಚರ್ಮದ ಆಸನವನ್ನು ಇನ್ನು ಮುಂದೆ ಕೊಳ್ಳುವುದಿಲ್ಲ, ಉಡುಗೊರೆಯಾಗಿ ಕೊಡುವುದಿಲ್ಲ (ಯಮ).

ಮನೆಯ ಜನಕ್ಕೂ ಬರುವ ಅತಿಥಿಗಳಿಗೂ ಸಾಕಾಗುವಷ್ಟಕ್ಕಿಂತ ಹೆಚ್ಚಿನ ಆಸನಗಳನ್ನು ಇಟ್ಟುಕೊಳ್ಳುವುದಿಲ್ಲ (ಒಂದು ವರ್ಷದ ನಿಯಮ).

ಪರ್ವದಿನಗಳಲ್ಲಿ ಮೆತ್ತನೆಯ ಆಸನವನ್ನು ಬಿಡುತ್ತೇವೆ (ಆ ದಿನಗಳ ನಿಯಮ).

ಕೂರುವ ಮೊದಲು ನೋಡುತ್ತೇವೆ, ಒರಸುತ್ತೇವೆ (ನಿತ್ಯ).

ಇವುಗಳಲ್ಲಿ ಕೊನೆಯದಕ್ಕೆ ಹಣ ಬೇಡ, ಅಂಗಡಿಯೂ ಬೇಡ. ಮನೆಯ ಮಕ್ಕಳು ಹಿರಿಯರನ್ನು ನೋಡಿ ಮೊದಲು ಕಲಿಯುವುದೂ ಅದನ್ನೇ.